ಒಬ್ಬಳ ಹಂಡೆ

ನಮ್ಮೂರಿಗೆ ಬರುವ ಹೊಸಬರು ಬಸ್ಸಿಳಿದ ಕೂಡಲೇ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರುತ್ತಾರೆ. ಈ ಊರಲ್ಲಿ ಬೆಂಕಿ ಹತ್ತುವುದಿಲ್ಲ ಎಂದು ದಾರಿಯಲ್ಲಿ ಯಾರೋ ಹೇಳಿರುತ್ತಾರೆ, ಇವರು ನಂಬಿರುವುದಿಲ್ಲ. ಪೊಟ್ಟಣ ಮುಗಿಯುವ ತನಕ ಗೀರಿ ಗೀರಿ, ಕೊನೆಗೆ ನಮ್ಮ ಮುಖ ನೋಡುತ್ತಾರೆ. ನಾವು ನಕ್ಕು, ಒಳಗೆ ಕರೆದು, ಹಂಡೆಯ ಮೇಲೆ ಕಾಯಿಸಿದ ಕಾಫಿ ಕೊಡುತ್ತೇವೆ. ಕಾಫಿ ಕುಡಿದ ಮೇಲೆ ಅವರಿಗೂ ಬೆಂಕಿಯ ಚಿಂತೆ ಅಷ್ಟಾಗಿ ಉಳಿಯುವುದಿಲ್ಲ.

ಹಂಡೆ ಅಂದರೆ ಬೇರೆ ಊರಿನ ಬಚ್ಚಲಲ್ಲಿ ಇರುತ್ತದಲ್ಲ, ಅಂಥದ್ದಲ್ಲ. ಇದು ಆಳೆತ್ತರದ್ದು, ಹಿತ್ತಿಲ ಕೋಣೆಯಲ್ಲಿ ಅರ್ಧ ನೆಲದೊಳಗೆ ಹೂತಿರುತ್ತದೆ. ಊರಿಗೆಲ್ಲ ಅನ್ನ ಕೊಡುವುದು ಹಣ್ಣಿನ ಕಾರ್ಖಾನೆ. ಕಾಲಕ್ಕೆ ತಕ್ಕ ಹಾಗೆ ಮಾವಿನ ರಸ, ಟೊಮೆಟೊ ಗೊಜ್ಜು, ಉಪ್ಪಿನಕಾಯಿ. ಅಲ್ಲಿ ಮಿಕ್ಕ ಸಿಪ್ಪೆ, ನಾರು, ಬೀಜದ ಲೋಳೆ ಎಲ್ಲ ಮನೆಮನೆಗೆ ಬರುತ್ತದೆ, ತಲೆಗೊಂದು ಬುಟ್ಟಿಯಂತೆ. ಅದನ್ನು ಹಂಡೆಗೆ ಸುರಿದು, ಮನೆಯ ಎಂಜಲು ಮುಸುರೆಯನ್ನೂ ಹಾಕಿ, ಪಕ್ಕದ ಹಲಗೆಯ ಮೇಲೆ ನಿಂತು ತುಳಿಯಬೇಕು. ಹಲಗೆಯ ಕೆಳಗೆ ತಿದಿ, ತಿದಿಯಿಂದ ಹಂಡೆಯ ತಳಕ್ಕೆ ಕೊಳವೆ. ತುಳಿದ ಹಾಗೆಲ್ಲ ಗಾಳಿ ಬುಳುಬುಳು ಎಂದು ಮೇಲೆ ಬರುತ್ತದೆ, ಹಂಡೆಗೆ ಕಾವು ಏರುತ್ತದೆ. ಅದೇ ಕಾವಿನಲ್ಲಿ ಸ್ನಾನದ ನೀರು, ಅದೇ ಕಾವಿನಲ್ಲಿ ಅನ್ನ ಸಾರು. ಬೆಳಿಗ್ಗೆ ಮುಚ್ಚಿದ ಪಾತ್ರೆಯಲ್ಲಿ ಇಳಿಬಿಟ್ಟ ಅಕ್ಕಿ ಮಧ್ಯಾಹ್ನಕ್ಕೆ ಬೇಯುತ್ತದೆ. ನಮಗೆ ಯಾವ ಅವಸರವೂ ಇಲ್ಲ.

ಒಳಗೆ ಕೆಲಸ ಮಾಡುವುದು ಕಣ್ಣಿಗೆ ಕಾಣದ ಜೀವಿಗಳು. ಬ್ಯಾಕ್ಟೀರಿಯಾ ಎನ್ನುತ್ತಾರೆ ವೀರಭದ್ರಪ್ಪ, ಕಾರ್ಖಾನೆಯ ದೊಡ್ಡ ತೊಟ್ಟಿಯನ್ನು ನೋಡಿಕೊಳ್ಳುವವರು. ನಾವು ಒಳಗಿನವರು ಎನ್ನುತ್ತೇವೆ. ನಮ್ಮ ಕೈಗೆ ಬೊಬ್ಬೆ ಬರಿಸುವ ಬಿಸಿಯೇ ಅವರಿಗೆ ಹಿತ. ತಿನ್ನಲು ಸಿಕ್ಕಿ ಗಾಳಿಯೂ ಸಿಕ್ಕರೆ ತಿಂದು ತಿಂದು ತಮಗೆ ಬೇಕಾದ ಬಿಸಿಯನ್ನು ತಾವೇ ಮಾಡಿಕೊಳ್ಳುತ್ತಾರೆ. ಎರಡರಲ್ಲಿ ಒಂದು ತಪ್ಪಿದರೂ ಕಾವು ಇಳಿಯುತ್ತದೆ, ಅವರು ಬಾಳುವುದಿಲ್ಲ. ಆಗ ಅವರ ಜಾಗಕ್ಕೆ ತಂಪಿನಲ್ಲಿ ಬಾಳುವ ಬೇರೆ ಜಾತಿಯವು ಬಂದು ಕೂರುತ್ತವೆ, ಬೀದಿಯೆಲ್ಲ ನಾತ ಹಬ್ಬುತ್ತದೆ. ಹೊಸದಾಗಿ ಹಂಡೆ ಕಟ್ಟಿಸಿದವರು ಮೊಸರಿಗೆ ಕೇಳುವ ಹಾಗೆ ಪಕ್ಕದ ಮನೆಯಲ್ಲಿ ಹೆಪ್ಪು ಕೇಳುತ್ತಾರೆ, ಯಾರೂ ಇಲ್ಲ ಅನ್ನುವುದಿಲ್ಲ.

ಒಬ್ಬರೇ ಇರುವ ಮನೆಗೆ ಮಾತ್ರ ಇಲ್ಲ ಅನ್ನುತ್ತಾರೆ. ಒಂದು ತಲೆಯ ಸಿಪ್ಪೆಗೆ, ಒಂದು ಜೊತೆ ಕಾಲಿನ ಗಾಳಿಗೆ ಹಂಡೆ ಕಾಯುವುದಿಲ್ಲ. ಮನೆಯಲ್ಲಿ ಒಬ್ಬರೇ ಉಳಿದರೆ ತಮ್ಮ ಹಂಡೆಯಿಂದ ಒಂದು ಬಿಂದಿಗೆ ತುಂಬಿಕೊಂಡು ಹೋಗಿ ಇನ್ನೊಂದು ಮನೆಯ ಹಂಡೆಗೆ ಸುರಿಯಬೇಕು. ಸುರಿದರೆ ಆ ಮನೆಯವರಾದ ಹಾಗೆ. ಉಳಿದದ್ದನ್ನು ಚೆಲ್ಲಿ, ಹಂಡೆ ತೊಳೆದು ಮುಚ್ಚಳವನ್ನು ಬೋರಲು ಹಾಕುತ್ತಾರೆ. "ಅವಳು ಬಿಂದಿಗೆ ಸುರಿದಳು" ಅಂದರೆ ನಮ್ಮಲ್ಲಿ ಮತ್ತೇನೂ ಹೇಳಬೇಕಾಗಿಲ್ಲ.

ನಾನು ಶಿವನಂಜಿ. ಗಂಡ ಮದುವೆಯಾದ ಕೆಲವೇ ವರ್ಷಕ್ಕೆ ತೀರಿಕೊಂಡ. ಆಮೇಲೆ ಮನೆಯಲ್ಲಿ ಉಳಿದವರು ಅತ್ತೆ ಮತ್ತು ನಾನು. ನಾವಿಬ್ಬರೂ ಹೇಗಿದ್ದೆವು ಎಂದು ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಹಾವು ಮುಂಗುಸಿ ಎಂದು. ನಾನು ಮಾಡಿದ ಸಾರಿಗೆ ಉಪ್ಪಿಲ್ಲ, ನಾನು ಗುಡಿಸಿದ ಮೂಲೆಯಲ್ಲಿ ಕಸ, ನಾನು ತುಳಿದರೆ ಹಲಗೆ ಕಿರುಗುಟ್ಟುತ್ತದೆ, ಅವಳು ತುಳಿದರೆ ಇಲ್ಲ. ನಾನೇನು ಬಾಯಿ ಮುಚ್ಚಿಕೊಂಡು ಕೂರುವವಳಲ್ಲ. ಸಂಜೆ ಇಬ್ಬರೂ ಎದುರುಬದುರು ನಿಂತು ಹಲಗೆ ತುಳಿಯುತ್ತ ಜಗಳವಾಡುತ್ತಿದ್ದೆವು. ಜಗಳ ಜೋರಾದಷ್ಟು ಕಾಲೂ ಜೋರಾಗುತ್ತಿತ್ತು. ನಮ್ಮದು ಇಬ್ಬರೇ ಇದ್ದ ಮನೆ, ಆದರೂ ನಮ್ಮ ಹಂಡೆಯ ಕಾವಿಗೆ ಬೀದಿಯಲ್ಲಿ ಹೆಸರಿತ್ತು.

ಮಾವಿನ ಕಾಲ ಮುಗಿಯುವ ಹೊತ್ತಿಗೆ ಅತ್ತೆ ಮಲಗಿದಲ್ಲೇ ಹೋದಳು. ನಾನು ಅಳಲಿಲ್ಲ. ಬಂದವರು ಅತ್ತರು, ಚಂದ್ರಮತಿಯಂತೂ ಬಿಕ್ಕಿ ಬಿಕ್ಕಿ ಅತ್ತಳು. ಚಂದ್ರಮತಿ ಅಂದರೆ ಎದುರುಮನೆಯ ಸೊಸೆ, ಹನ್ನೊಂದು ಜನರ ಮನೆಯನ್ನು ಬೆರಳ ತುದಿಯಲ್ಲಿ ಆಡಿಸುವವಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ನನ್ನ ಕೈ ಹಿಡಿದಳು.

"ನಂಜಕ್ಕ, ತಿಂಗಳ ತಿಥಿ ಆಗ್ಲಿ. ಆಮೇಲೆ ಬಿಂದಿಗೆ ತಗೊಂಡು ನಮ್ಮನೆಗೇ ಬಂದ್ಬುಡಿ. ಹನ್ನೊಂದು ಜನ ಉಣ್ಣೋ ಕಡೆ ಹನ್ನೆರಡನೇ ತಟ್ಟೆ ಹೊರೆನಾ?"

ಒಳ್ಳೆಯ ಹೆಂಗಸು. ಮನಸಾರೆ ಹೇಳಿದಳು. ಆಗಲಿ ನೋಡೋಣ ಅಂದೆ.

ತಿಥಿಯ ತನಕ ಕಾರ್ಖಾನೆಯಿಂದ ಎರಡು ಬುಟ್ಟಿಯೇ ಬರುತ್ತಿತ್ತು, ಅದು ಪದ್ಧತಿ. ನಾನು ಒಬ್ಬಳೇ ತುಳಿಯುತ್ತಿದ್ದೆ. ಹಲಗೆಯ ಎದುರು ತುದಿ, ಅತ್ತೆ ನಿಲ್ಲುತ್ತಿದ್ದ ಜಾಗ, ಖಾಲಿ. ಒಂದು ಸಂಜೆ ಬುಟ್ಟಿ ಸುರಿದು ಮುಚ್ಚಳ ಎಳೆಯುವಾಗ ಮನಸ್ಸಿಗೆ ಹೊಳೆಯಿತು: ಅತ್ತೆ ಕೊನೆಯ ದಿನ ತಿನ್ನಲಾರದೆ ಬಿಟ್ಟ ಗಂಜಿಯೂ ಇದರೊಳಗೇ ಇದೆ. ಅವಳು ಬೇಡ ಅಂದದ್ದು, ಅರ್ಧ ಕಚ್ಚಿ ಬಿಟ್ಟದ್ದು, ಮೂಗು ಮುರಿದು ದೂಡಿದ್ದು, ಇಷ್ಟು ವರ್ಷದ್ದೆಲ್ಲ ಒಳಗಿನವರ ಹೊಟ್ಟೆಗೆ ಹೋಗಿದೆ. ಅದರಿಂದಲೇ ಅವರು ಹುಟ್ಟಿದ್ದಾರೆ, ಅವರ ಮಕ್ಕಳು ಹುಟ್ಟಿದ್ದಾರೆ. ನನ್ನ ಹತ್ತಿರ ಅವಳ ಫೋಟೋ ಇರಲಿಲ್ಲ, ನನಗೆ ಮಕ್ಕಳು ಮರಿ ಇರಲಿಲ್ಲ. ಅವಳ ಕಡೆಯವರು ಅಂತ ಭೂಮಿಯ ಮೇಲೆ ಉಳಿದದ್ದು ಆ ಹಂಡೆಯೊಳಗಿನವರು ಮಾತ್ರ. ಹಂಡೆಗೆ ಕೈ ಇಟ್ಟೆ. ಬೆಚ್ಚಗಿತ್ತು. "ಸಾರಿಗೆ ಉಪ್ಪಿರಲಿಲ್ಲ ಅಲ್ವಾ, ಮುದುಕಿ?" ಅಂದೆ. ಆಗ ಅಳು ಬಂತು.

ಅವತ್ತೇ ತೀರ್ಮಾನ ಮಾಡಿದೆ, ಬಿಂದಿಗೆ ಸುರಿಯುವುದಿಲ್ಲ ಎಂದು.

ತೀರ್ಮಾನ ಗಟ್ಟಿಯಾದದ್ದು ಚಂದ್ರಮತಿಯ ಮನೆಯಲ್ಲಿ. ಮನೆಯ ಅಭ್ಯಾಸ ಆಗಲಿ ಎಂದು ಒಂದು ದಿನ ಊಟಕ್ಕೆ ಕರೆದಳು. ಎಷ್ಟು ಗದ್ದಲ, ಎಷ್ಟು ನಗು. ನನಗೆ ಎರಡು ಸಲ ಪಾಯಸ ಬಡಿಸಿದರು. ಹಿತ್ತಿಲ ಕೋಣೆಯಲ್ಲಿ ಮಾತ್ರ ಹಲಗೆಯ ಸದ್ದು ನಿಂತಿರಲಿಲ್ಲ. ಕೈ ತೊಳೆಯಲು ಹೋದಾಗ ನೋಡಿದೆ. ನನಗಿಂತ ಸ್ವಲ್ಪ ದೊಡ್ಡವಳಾದ ಒಬ್ಬ ಹೆಂಗಸು ಗೋಡೆ ಹಿಡಿದುಕೊಂಡು ತುಳಿಯುತ್ತಿದ್ದಳು. ಚಂದ್ರಮತಿಯ ಗಂಡನ ಕಡೆಯ ದೂರದ ನೆಂಟಳು, ಬಹಳ ಹಿಂದೆ ತನ್ನವರೆಲ್ಲ ಹೋದ ಮೇಲೆ ಇಲ್ಲಿ ಬಿಂದಿಗೆ ಸುರಿದವಳು. ಊರಿಗೆ ಗೊತ್ತಿದ್ದ ಹೆಸರು ಹಲಗೆಯಮ್ಮ.

"ಊಟ ಆಯ್ತಾ?" ಅಂದೆ.

"ಅವರ್ದೆಲ್ಲ ಆಗ್ಲಿ" ಅಂದಳು. "ನಂಗೇನ್ ಅವಸರ?"

ಅವಳನ್ನು ಯಾರೂ ಬೈದವರಲ್ಲ, ಹೊಡೆದವರಲ್ಲ. ಹಬ್ಬಕ್ಕೆ ಸೀರೆ ಕೊಡುತ್ತಿದ್ದರು, ಕಾಯಿಲೆಯಾದರೆ ಕಷಾಯ ಕೊಡುತ್ತಿದ್ದರು. ಆದರೆ ನಾನು ನಿಂತಿದ್ದಷ್ಟು ಹೊತ್ತೂ ಆ ಕೋಣೆಗೆ ಬಂದುಹೋದ ಯಾರೂ ಅವಳ ಮುಖ ನೋಡಲಿಲ್ಲ. ಮನೆಯಲ್ಲಿ ಗೋಡೆ ಗಡಿಯಾರ ಇದ್ದ ಹಾಗೆ ಇದ್ದಳು. ಹನ್ನೊಂದು ಜನ ಎಂದು ಚಂದ್ರಮತಿ ಲೆಕ್ಕ ಹೇಳಿದ್ದಳಲ್ಲ, ಮನೆಗೆ ಬಂದು ಎಣಿಸಿದೆ. ಹಲಗೆಯಮ್ಮನನ್ನು ಬಿಟ್ಟು ಹನ್ನೊಂದು.

ತಿಥಿ ಮುಗಿಯಿತು, ಬುಟ್ಟಿ ಒಂದಾಯಿತು. ನನ್ನ ಪಾಡು ಶುರುವಾಯಿತು. ಕಾರ್ಖಾನೆಯಲ್ಲಿ ದಿನವಿಡೀ ಟೊಮೆಟೊ ಆರಿಸಿ ಬಂದು, ಉಸ್ಸೆಂದು ಕೂರದೆ ಹಲಗೆ ಹತ್ತುತ್ತಿದ್ದೆ. ನನ್ನ ಊಟದಲ್ಲಿ ಅರ್ಧ ಹಂಡೆಗೆ ಹಾಕುತ್ತಿದ್ದೆ. ಸಂತೆ ಮುಗಿದ ಮೇಲೆ ಬಾಡಿದ ಸೊಪ್ಪು, ಕೊಳೆತ ಬಾಳೆ ಆರಿಸಿ ತರುತ್ತಿದ್ದೆ. ಜನ ನೋಡಿ ಮುಖ ತಿರುಗಿಸುತ್ತಿದ್ದರು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ತುಳಿಯುತ್ತ ಅತ್ತೆಯೊಡನೆ ಜಗಳವಾಡುತ್ತಿದ್ದೆ, ಅವಳ ಮಾತನ್ನೂ ನಾನೇ ಆಡುತ್ತಿದ್ದೆ. ಒಂದೊಂದು ಸಲ ಅವಳೇ ಗೆಲ್ಲುತ್ತಿದ್ದಳು.

ಆದರೂ ಕಾವು ಇಳಿಯುತ್ತ ಬಂತು. ಮೊದಲು ಅನ್ನ ಸಂಜೆಗೆ ಬೇಯತೊಡಗಿತು, ಆಮೇಲೆ ಅರೆಬೆಂದೇ ಉಳಿಯತೊಡಗಿತು. ಹೊರಗೆ ಚಳಿಗಾಳಿ ಬೇರೆ ಶುರುವಾಗಿತ್ತು. ಹಲಗೆ ತುಳಿದರೆ ತಿದಿಯೊಳಗೆ ಹೋಗುವುದು ಅದೇ ಗಾಳಿ ತಾನೆ? ನನ್ನ ಬುದ್ಧಿಗೆ ಏನು ಮಂಕು ಬಡಿಯಿತೋ, ಇಷ್ಟು ತಣ್ಣನೆಯ ಗಾಳಿಯನ್ನು ಅವರ ಮೈಮೇಲೆ ಊದಿ ಊದಿ ನಾನೇ ಅವರನ್ನು ನಡುಗಿಸುತ್ತಿದ್ದೇನೆ ಅನ್ನಿಸಿತು. ತುಳಿಯುವುದನ್ನು ಬಿಟ್ಟೆ. ಕೊಳವೆಯ ಬಾಯಿಗೆ ಬಟ್ಟೆ ತುರುಕಿದೆ. ಮುಚ್ಚಳದ ಸಂದಿಗೆ ಕಲಸಿದ ಮಣ್ಣು ಮೆತ್ತಿದೆ. ಮೇಲೆ ಎರಡು ಗೋಣಿತಾಟು, ಅದರ ಮೇಲೆ ಕೌದಿ, ಎಲ್ಲಕ್ಕೂ ಮೇಲೆ ಅತ್ತೆಯ ಕಂಬಳಿ ಹೊದಿಸಿ, ಮಗುವಿಗೆ ಸುತ್ತಿದ ಹಾಗೆ ಸುತ್ತಿ ಕಟ್ಟಿದೆ.

ಮಾರನೆಯ ಬೆಳಿಗ್ಗೆ ಕಂಬಳಿಯೊಳಗೆ ಕೈ ಹಾಕಿದರೆ ಹಿಂದಿನ ದಿನಕ್ಕಿಂತ ಬೆಚ್ಚಗಿತ್ತು! ಎಷ್ಟು ಹಿಗ್ಗಿದೆ ಎಂದರೆ, ಆ ದಿನ ಕಾರ್ಖಾನೆಯಲ್ಲಿ ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ. ಇಷ್ಟು ಸುಲಭದ ಉಪಾಯ ಊರಲ್ಲಿ ಯಾರಿಗೂ ಹೊಳೆದಿಲ್ಲವಲ್ಲ ಎಂದು ಜಂಬ. ಆ ಕಾವು ಹಳೆಯದು, ಹೊರಗೆ ಹೋಗಲಾರದೆ ಕೂತದ್ದು ಎಂದು ತಿಳಿಯುವಷ್ಟು ತಿಳಿವಳಿಕೆ ನನಗೆಲ್ಲಿತ್ತು. ಒಳಗೆ ಉಸಿರಿಲ್ಲದೆ ಅವರು ಒದ್ದಾಡುತ್ತಿರುವಾಗ ನಾನು ಹೊರಗೆ ಕಂಬಳಿ ಸವರುತ್ತ ಮಲಗಿಕೊಳ್ಳಿ ಅನ್ನುತ್ತಿದ್ದೆ.

ಮೊದಲು ಹುಳಿ ವಾಸನೆ ಬಂತು. ಟೊಮೆಟೊದ್ದು ಅಂದುಕೊಂಡೆ. ಆಮೇಲೆ ಕೊಳೆತ ಮೊಟ್ಟೆಯ ನಾತ. ಬಾಗಿಲು ಹಾಕಿಕೊಂಡೆ. ಮುಚ್ಚಳ ತೆಗೆಯಲು ಭಯ, ತೆಗೆದರೆ ಇರುವ ಬಿಸಿಯೂ ಹೋದೀತು ಎಂದು. ಕೊನೆಗೆ ಬೀದಿಯವರು ಸೆರಗು ಮೂಗಿಗೆ ಹಿಡಿದು ಬಾಗಿಲು ಬಡಿದರು. ವೀರಭದ್ರಪ್ಪನವರನ್ನು ಕರೆತಂದಿದ್ದರು. ಅವರು ಕಂಬಳಿ ಬಿಚ್ಚಿ, ಕೌದಿ ಬಿಚ್ಚಿ, ಮಣ್ಣು ಕೆರೆದು ಮುಚ್ಚಳ ಎತ್ತಿದರು. ಮುಖಕ್ಕೆ ಹೊಡೆದ ನಾತಕ್ಕೆ ಹಿಂದಿದ್ದವರೆಲ್ಲ ಅಂಗಳಕ್ಕೆ ಓಡಿದರು. ಅವರೊಬ್ಬರೇ ನಿಂತರು. ಬೆರಳು ಅದ್ದಿ ನೋಡಿದರು. ಬೆರಳು ಸುಡಲಿಲ್ಲ.

"ಯಾಕವ್ವ ಮುಚ್ಚಿದೆ?" ಅಂದರು.

"ಚಳಿ ಆಯ್ತದೆ ಅಂತ, ವೀರಭದ್ರಣ್ಣ."

ಅವರು ಕೊಳವೆಯ ಬಾಯಲ್ಲಿದ್ದ ಬಟ್ಟೆಯನ್ನು ಎಳೆದು ತೆಗೆದು ಮೂಲೆಗೆ ಹಾಕಿದರು.

"ಹೊಟ್ಟೆಗಿಲ್ದಿದ್ರೂ ಒಂದಷ್ಟು ದಿನ ತಡೀತಿದ್ವು ಕಣವ್ವ. ಗಾಳಿ ಇಲ್ದಿದ್ರೆ ಏನ್ ಮಾಡ್ತವೆ? ಇದ್ರೊಳಗೆ ಈಗಿರೋವು ಬೇರೆಯವು. ನಿಮ್ಮತ್ತೆ ಕಾಲದವು ಒಂದೂ ಉಳಿದಿಲ್ಲ."

ನಾನೇ ಕೊಂದೆ ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ಜಗಳವಾಡಬಹುದಿತ್ತು. ಆಳುಗಳು ಬಂದು ಹಂಡೆ ಖಾಲಿ ಮಾಡಿ, ಬೂದುಗುಂಬಳದ ಬಣ್ಣದ ಆ ಕೆಸರನ್ನು ಗಾಡಿಯಲ್ಲಿ ಸಾಗಿಸಿ ಊರಾಚೆ ಹೂತು ಬಂದರು. ಹಂಡೆ ತೊಳೆದು ಮುಚ್ಚಳವನ್ನು ಬೋರಲು ಹಾಕಿದರು. ಅತ್ತೆಯನ್ನು ಎರಡನೇ ಸಲ ಕಳಿಸಿದ ಹಾಗಾಯಿತು, ಈ ಸಲ ನನ್ನ ಕೈಯಿಂದಲೇ.

ಆಮೇಲೆ ತೊಡಕು ಎದ್ದಿತು. ಸೇರಬೇಕಾದರೆ ಬಿಂದಿಗೆ ಬೇಕು. ನನ್ನ ಹತ್ತಿರ ಸುರಿಯಲು ಏನಿದೆ? ಆ ನಾತದ ಕೆಸರು ಒಂದು ಲೋಟ ಬಿದ್ದರೂ ತಮ್ಮ ಹಂಡೆ ಕೆಟ್ಟೀತು ಎಂಬ ಹೆದರಿಕೆ ಎಲ್ಲರಿಗೂ. ಬರಿಗೈಲಿ ಯಾರಾದರೂ ಸೇರಿದ್ದುಂಟೇ ಎಂದು ಹಿರಿಯರು ಕೂತು ಯೋಚಿಸಿದರು, ನೆನಪಿಗೆ ಬರಲಿಲ್ಲ. ನನ್ನನ್ನು ಬೇಡ ಅಂದವರು ಯಾರೂ ಇಲ್ಲ. ಹೇಗೆ ಬಾ ಅನ್ನಬೇಕೋ ಯಾರಿಗೂ ಗೊತ್ತಾಗಲಿಲ್ಲ, ಅಷ್ಟೆ.

ಹೀಗೆ ನಾನು ತಣ್ಣಗಾದೆ. ನೆನೆಸಿದ ಅವಲಕ್ಕಿ, ಮೊಸರು, ಸೌತೆಕಾಯಿ. ತಣ್ಣೀರ ಸ್ನಾನ. ಮೊದಮೊದಲು ಬೀದಿಯವರು ಬಿಸಿ ಬಿಸಿ ಸಾರು ಲೋಟದಲ್ಲಿ ತಂದುಕೊಟ್ಟರು, ಚಂದ್ರಮತಿ ಕೊಡ ಬಿಸಿನೀರು ಕಳಿಸಿದಳು. ಅವರಿಗೂ ಅವರ ಕೆಲಸಗಳಿದ್ದವು, ಬರಬರುತ್ತ ಕಡಿಮೆಯಾಯಿತು. ತಪ್ಪೇನಿಲ್ಲ. ಸಂಜೆ ಎಲ್ಲರ ಹಿತ್ತಿಲಿಂದ ಹಲಗೆಯ ಸದ್ದು, ಮಾತಿನ ಸದ್ದು ಕೇಳುತ್ತಿತ್ತು. ನನ್ನ ಹಿತ್ತಿಲ ಕೋಣೆಗೆ ನಾನು ಹೋಗುತ್ತಿರಲಿಲ್ಲ. ಅತ್ತೆಯೊಡನೆ ಜಗಳವೂ ನಿಂತಿತು. ಅವಳ ಮಾತು ಬಾಯಿಗೆ ಬರುತ್ತಲೇ ಇರಲಿಲ್ಲ. ಯಾರಾದರೂ ಬೈದರೆ ಸಾಕು ಅನ್ನಿಸುವಷ್ಟು ಒಂಟಿಯಾಗಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಚಂದ್ರಮತಿ ಬಂದು ರಟ್ಟೆ ಹಿಡಿದು ಎಬ್ಬಿಸಿದಳು. "ಸಾಕು ಬನ್ನಿ ನಂಜಕ್ಕ. ಒಂದು ದಾರಿ ಹುಡುಕಿದೀನಿ. ವೀರಭದ್ರಣ್ಣನ್ನೂ ಕರ್ಸಿದೀನಿ, ನಾಳೆ ಯಾರೂ ಸೊಲ್ಲೆತ್ತಬಾರದು ಅಂತ."

ಅವಳ ಹಿತ್ತಿಲ ಕೋಣೆಯಲ್ಲಿ ಮನೆಯವರೆಲ್ಲ ನೆರೆದಿದ್ದರು. ಹಲಗೆಯಮ್ಮ ಎಂದಿನಂತೆ ತುಳಿಯುತ್ತಿದ್ದಳು. ಚಂದ್ರಮತಿ ಉದ್ದ ಹಿಡಿಯ ಸೌಟಿನಿಂದ ತನ್ನ ಹಂಡೆಯಿಂದಲೇ ಮೊಗೆದು ಮೊಗೆದು ಒಂದು ಹಿತ್ತಾಳೆ ಬಿಂದಿಗೆ ತುಂಬಿದಳು. ಕಂಠಕ್ಕೆ ಬಟ್ಟೆ ಸುತ್ತಿ ನನ್ನ ಕೈಗೆ ಕೊಟ್ಟಳು.

"ತಗೊಳ್ಳಿ. ಈಗ ಇದು ನಿಮ್ದು. ನಾನೇ ಕೊಟ್ಟಿದೀನಿ, ಎಲ್ರೂ ನೋಡಿದಾರೆ. ಇದನ್ನ ನಮ್ಮ ಹಂಡೆಗೆ ಸುರೀರಿ. ಮುಗೀತು."

ವೀರಭದ್ರಪ್ಪ ನಕ್ಕರು. ಮಕ್ಕಳು ಚಪ್ಪಾಳೆ ತಟ್ಟಿದವು. ಇಷ್ಟು ದೊಡ್ಡ ಮನಸ್ಸು ಯಾರಿಗಿರುತ್ತದೆ? ಬಿಂದಿಗೆ ಎತ್ತಿದೆ. ಬಟ್ಟೆಯ ಮೂಲಕ ಬಿಸಿ ಅಂಗೈಗೆ ಹತ್ತಿತು. ಎಷ್ಟು ದಿನವಾಗಿತ್ತು ಅಂಥ ಬಿಸಿ ಮುಟ್ಟಿ! ಹಂಡೆಯ ಬಾಯಿಗೆ ಹಿಡಿದೆ, ಆದರೆ ಕೈ ಬಗ್ಗಲಿಲ್ಲ. ಸುರಿದರೆ ಬಿಸಿ ಅನ್ನ, ಬಿಸಿನೀರು, ಸುತ್ತ ಜನ. ಸುರಿದರೆ ಆ ಹಲಗೆಯ ಮೇಲೆ ಹಲಗೆಯಮ್ಮನ ಎದುರಿನ ಜಾಗ. ಸುರಿಯದಿದ್ದರೆ ಮನೆಗೆ ಒಯ್ದು ಮಾಡುವುದೇನು, ಒಬ್ಬಳಿಗೆ ಇದೂ ಆರಿಯೇ ಹೋಗುತ್ತದೆ.

"ಸುರೀರಿ ನಂಜಕ್ಕ" ಅಂದಳು ಚಂದ್ರಮತಿ.

ಅಷ್ಟರಲ್ಲಿ ಕೋಣೆಯಲ್ಲಿ ಏನೋ ಆಯಿತು. ಎಲ್ಲರೂ ತಲೆ ತಿರುಗಿಸಿದರು. ಹಲಗೆಯ ಸದ್ದು ನಿಂತಿತ್ತು.

"ಸುರೀಬ್ಯಾಡ ಕಣೇ" ಅಂದಳು ಹಲಗೆಯಮ್ಮ. ಗೋಡೆ ಬಿಟ್ಟು ಕೆಳಗಿಳಿದಿದ್ದಳು. "ನಾನು ಬಂದ್ರೆ ನಿಮ್ಮನೇಲಿ ಎರಡು ತಲೆ ಆಯ್ತದೆ."

ಮೊದಲು ಬಾಯಿ ಬಿಟ್ಟವನು ಚಂದ್ರಮತಿಯ ಗಂಡ. "ಅಲ್ಲ, ನೀವು ಹೋದ್ರೆ ಹಲಗೆ ತುಳಿಯೋರ್ಯಾರು?"

ಆ ಮಾತು ಆಡಿದ ಮೇಲೆ ಅವನಿಗೇ ಕೇಳಿಸಿತೋ ಏನೋ, ನೆಲ ನೋಡಿದ. ಚಂದ್ರಮತಿ ಗಂಡನನ್ನು ನೋಡಿದಳು, ಆಮೇಲೆ ಹಲಗೆಯಮ್ಮನನ್ನು ನೋಡಿದಳು. ಅಷ್ಟು ವರ್ಷದಲ್ಲಿ ಮೊದಲ ಸಲ ನೋಡಿದ ಹಾಗೆ ನೋಡಿದಳು. ಕಣ್ಣು ತುಂಬಿಕೊಂಡಳು, ಬೇಡ ಅನ್ನಲಿಲ್ಲ.

ಹಲಗೆಯಮ್ಮ ವೀರಭದ್ರಪ್ಪನವರ ಕಡೆ ತಿರುಗಿದಳು. "ಸೇರಿದೋರು ಬಿಟ್ಟೋಗಬಾರದು ಅಂತ ಐತಾ?"

"ಹಂಗೇನೂ ಇಲ್ಲವ್ವ" ಅಂದರು ಅವರು, ತಲೆ ಕೆರೆದುಕೊಳ್ಳುತ್ತ. "ಇದುವರೆಗೂ ಯಾರೂ ಕೇಳಿರಲಿಲ್ಲ. ನನ್ನ ಕಡೆಯಿಂದ ಎರಡು ತಲೆಗೆ ಎರಡು ಬುಟ್ಟಿ. ತುಳಿಯೋದು ನಿಮಗೆ ಬಿಟ್ಟದ್ದು."

ಅವಳು ಒಳಗೆ ಹೋದವಳು ಹೋದಷ್ಟೇ ಬೇಗ ಬಂದಳು. ಕೈಯಲ್ಲಿ ಒಂದು ಬಟ್ಟೆಯ ಗಂಟು. ಅದನ್ನು ಆಗ ಕಟ್ಟಿದ್ದಲ್ಲ. ಗಂಟಿನ ಮಡಿಕೆಗಳಲ್ಲಿ ವರ್ಷಗಳ ಧೂಳು ಕೂತು ಗೆರೆಯಾಗಿತ್ತು. ಬಂದ ದಿನದಿಂದ ಅದನ್ನು ಬಿಚ್ಚಿಯೇ ಇರಲಿಲ್ಲ.

ಇಬ್ಬರೂ ಬೀದಿಗೆ ಇಳಿದೆವು. ನನ್ನ ಕೈಯಲ್ಲಿ ಬಿಂದಿಗೆ, ಅವಳ ಕಂಕುಳಲ್ಲಿ ಗಂಟು. ಬಹಳ ದಿನ ಹಲಗೆಯ ಮೇಲೆ ನಿಂತವಳಿಗೆ ನೆಲದ ಮೇಲೆ ನಡೆಯುವುದು ಮರೆತ ಹಾಗಿತ್ತು, ಕಾಲನ್ನು ಒತ್ತಿ ಒತ್ತಿ ಇಡುತ್ತಿದ್ದಳು. ನಾಳೆಯಿಂದ ಈಕೆಯನ್ನು ಏನೆಂದು ಕೂಗಲಿ? ಹಲಗೆಯಮ್ಮ ಎಂದು ಕೂಗಲು ನಾಲಿಗೆ ಬರಲಿಲ್ಲ.

"ನಿಮ್ಮ ಹೆಸರೇನಕ್ಕ?" ಅಂದೆ.

ಅವಳು ನಿಂತಳು. ನನ್ನ ಮುಖ ನೋಡಿದಳು. ಬೀದಿಯ ಅತ್ತ ಇತ್ತ ನೋಡಿದಳು, ಯಾರನ್ನಾದರೂ ಕೇಳಿ ಹೇಳುವವಳ ಹಾಗೆ. ಬಿಂದಿಗೆಯ ಬಾಯಿಂದ ಆವಿ ಏಳುತ್ತಿತ್ತು. ನಾನು ಕಾದೆ.

"ನೀಲಾಂಬಿಕೆ" ಅಂದಳು ಕೊನೆಗೆ, ಮೆಲ್ಲಗೆ. ಇನ್ನೊಂದು ಸಲ ಸ್ವಲ್ಪ ಜೋರಾಗಿ ಹೇಳಿ ನೋಡಿದಳು. "ನೀಲಾಂಬಿಕೆ ಅಂತ."

ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಮೊಣಕೈಯಿಂದ ನನ್ನನ್ನು ತಿವಿದಳು.

"ನಿಂತ್ಕೊಂಡು ಏನ್ ನೋಡ್ತಿದೀಯೇ? ಬೇಗ ನಡಿ, ಆರೋಯ್ತದೆ."